ಸಾಲದ ಗಾಡಿ, ಸಾಲದ ಮನೆ: ರೀಪೊಸೆಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂತು ತಪ್ಪಿದವರು, ಸ್ನೇಹಿತನಿಗೆ ಜಾಮೀನು ಹಾಕಿ ಸಿಕ್ಕಿಬಿದ್ದವರು, ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ತಲೆ ಮೇಲೆ ಕೈ ಹೊತ್ತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದ್ದು ಮೊದಲಿಗಿದೆ. ಕೋರ್ಟು, ಟ್ರಿಬ್ಯೂನಲ್ ವಿಷಯ ಕೊನೆಗಿದೆ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ. ಇಲ್ಲಿರುವುದು ಭಾರತದ ಕಾನೂನಿನ ಮಾತು.

## ಮೊದಲು ಅರ್ಥ

ರೀಪೊಸೆಶನ್ ಅಂದ್ರೆ ಏನು? ಸೀಜ್ ಅಂತಾರಲ್ಲ, ಅದೇನಾ?

ಅದೇ. ಸಾಲಕ್ಕೆ ಭದ್ರತೆಯಾಗಿ ಬರೆದುಕೊಟ್ಟ ವಸ್ತುವನ್ನು, ಕಂತು ಕಟ್ಟಲಿಲ್ಲ ಅಂತ ಸಾಲ ಕೊಟ್ಟವರು ತಮ್ಮ ವಶಕ್ಕೆ ತೆಗೆದುಕೊಳ್ಳುವುದು ರೀಪೊಸೆಶನ್. ಬ್ಯಾಂಕಿನ ಕಾಗದದಲ್ಲಿ ‘ಸ್ವಾಧೀನ’ ಅಂತಲೋ ‘ಮರುಸ್ವಾಧೀನ’ ಅಂತಲೋ ಇರುತ್ತದೆ. ಬಾಯಿಮಾತಿನಲ್ಲಿ ‘ಫೈನಾನ್ಸ್‌ನವರು ಗಾಡಿ ಎತ್ಕೊಂಡು ಹೋದ್ರು’.

ಇಲ್ಲಿ ಜನ ಎಡವುವ ಒಂದು ವಿಷಯ ಇದೆ. ಸೀಜ್ ಆದಾಗ ಕೈತಪ್ಪುವುದು ವಶ, ಮಾಲೀಕತ್ವ ಅಲ್ಲ. ಗಾಡಿ ಯಾರ್ಡಿನಲ್ಲಿ (ಎತ್ತಿದ ಗಾಡಿ ನಿಲ್ಲಿಸುವ ಜಾಗ) ನಿಂತಿದ್ದರೂ ಆರ್‌ಸಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಅದು ಮಾರಾಟವಾಗುವ ತನಕ ನಿಮಗೆ ಕೇಳುವ, ಕಟ್ಟುವ, ಬಿಡಿಸಿಕೊಳ್ಳುವ ದಾರಿ ಇರುತ್ತದೆ. ‘ಸೀಜ್ ಆಯ್ತು, ಎಲ್ಲ ಮುಗೀತು’ ಅಂತ ಕೈಚೆಲ್ಲಿ ಕೂತವರೇ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ.

ಪೊಲೀಸರೂ ಸೀಜ್ ಮಾಡ್ತಾರೆ, ಕೋರ್ಟಿನವರೂ ಜಪ್ತಿ ಮಾಡ್ತಾರೆ. ಇವೆಲ್ಲ ಒಂದೇನಾ?

ಅಲ್ಲ. ಪೊಲೀಸರು ಹಿಡಿಯುವುದು ಅಪರಾಧ ಅಥವಾ ಸಂಚಾರ ನಿಯಮದ ವಿಷಯಕ್ಕೆ. ಅದಕ್ಕೂ ನಿಮ್ಮ ಸಾಲಕ್ಕೂ ಸಂಬಂಧ ಇಲ್ಲ.

ಕೋರ್ಟಿನ ಜಪ್ತಿ ಬರುವುದು ಸಾಮಾನ್ಯವಾಗಿ ಡಿಕ್ರಿ, ಅಂದರೆ ದಾವೆಯ ತೀರ್ಪು, ಆದ ಮೇಲೆ. ಕೋರ್ಟಿನ ಸಿಬ್ಬಂದಿಯಾದ ಅಮೀನರು ಆದೇಶ ಹಿಡಿದುಕೊಂಡು ಬರುತ್ತಾರೆ. ಸಾಲಕ್ಕೆ ಬರೆದುಕೊಡದ ಆಸ್ತಿಯನ್ನೂ ಹಾಗೆ ಜಪ್ತಿ ಮಾಡಬಹುದು. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೆಲವನ್ನು ಮುಟ್ಟುವಂತಿಲ್ಲ ಅನ್ನುತ್ತದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ಬೇಸಾಯದ ಉಪಕರಣ.

ರೀಪೊಸೆಶನ್ ಆಗುವುದು ನೀವು ಯಾವ ವಸ್ತುವನ್ನು ಬರೆದುಕೊಟ್ಟಿದ್ದೀರೋ ಅದು ಮಾತ್ರ. ಬೈಕ್ ಸಾಲಕ್ಕೆ ಬೈಕ್. ಮನೆಯಲ್ಲಿರುವ ಸ್ಕೂಟರ್ ಅಲ್ಲ, ತಮ್ಮನ ಕಾರೂ ಅಲ್ಲ.

ಪರ್ಸನಲ್ ಲೋನ್ ಕಟ್ಟಿಲ್ಲ. ಟಿವಿ, ಫ್ರಿಜ್ ಎತ್ಕೊಂಡು ಹೋಗ್ತೀವಿ ಅಂತಿದ್ದಾರೆ. ಹಾಗೆ ಮಾಡಬಹುದಾ?

ಆಗಲ್ಲ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ಸಂಘದ ಸಾಲಗಳಿಗೆ ಸಾಮಾನ್ಯವಾಗಿ ಯಾವ ವಸ್ತುವನ್ನೂ ಭದ್ರತೆಗೆ ಇಟ್ಟಿರುವುದಿಲ್ಲ. ಇಡದೇ ಇದ್ದದ್ದನ್ನು ‘ಮರಳಿ’ ಪಡೆಯುವುದು ಹೇಗೆ? ಅವರು ಕೇಸ್ ಹಾಕಬಹುದು, ಚೆಕ್ ಕೊಟ್ಟಿದ್ದರೆ ಚೆಕ್ ಬೌನ್ಸ್ ಕೇಸ್ ಹಾಕಬಹುದು. ಮನೆಗೆ ನುಗ್ಗಿ ಸಾಮಾನು ಹೊರುವುದು ಮಾತ್ರ ಅಪರಾಧ.

ಕರ್ನಾಟಕದಲ್ಲಿ 2025ರಲ್ಲಿ ಕಿರು ಸಾಲ, ಸಣ್ಣ ಸಾಲಗಳ ವಸೂಲಿಯಲ್ಲಿ ದೌರ್ಜನ್ಯ ತಡೆಯಲು ಪ್ರತ್ಯೇಕ ಕಾನೂನು ಬಂತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕ್, ಎನ್‌ಬಿಎಫ್‌ಸಿಗಳು (ಬ್ಯಾಂಕಲ್ಲದ ಫೈನಾನ್ಸ್ ಸಂಸ್ಥೆಗಳು) ಈ ಕಾನೂನಿನ ಹೊರಗಿವೆ. ಅವಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳೇ ಲಗಾಮು.

ಫೋರ್‌ಕ್ಲೋಷರ್ ಅಂದ್ರೂ ಇದೇನಾ?

ಅಮೆರಿಕದಲ್ಲಿ ಹೌದು, ಮನೆ ಸಾಲ ಕಟ್ಟದವರ ಮನೆ ಹೋಗುವುದಕ್ಕೆ ಆ ಮಾತು. ನಮ್ಮಲ್ಲಿ ಬ್ಯಾಂಕಿನವರು ‘ಫೋರ್‌ಕ್ಲೋಷರ್ ಲೆಟರ್’ ಅಂದರೆ ಅವಧಿಗೆ ಮುಂಚೆ ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅನ್ನುವ ಲೆಕ್ಕ. ಹೆದರಬೇಡಿ. ಗಾಡಿ ಬಿಡಿಸಿಕೊಳ್ಳಬೇಕಾದಾಗ ನೀವೇ ಕೇಳಿ ಪಡೆಯಬೇಕಾದ ಕಾಗದ ಅದು.

## ಗಾಡಿ ಎತ್ತುವುದು

ಗಾಡಿ ನನ್ನ ಹೆಸರಲ್ಲೇ ಇದೆ. ಅವರಿಗೆ ಹಕ್ಕು ಎಲ್ಲಿಂದ ಬಂತು?

ನೀವು ಸಹಿ ಹಾಕಿದ ಒಪ್ಪಂದದಿಂದ. ವಾಹನ ಸಾಲದಲ್ಲಿ ಗಾಡಿ ನಿಮ್ಮ ಹತ್ತಿರವೇ ಇರುತ್ತದೆ, ಆದರೆ ಅದರ ಮೇಲೆ ಸಾಲ ಕೊಟ್ಟವರ ಹೊರೆ ಕೂತಿರುತ್ತದೆ. ಇದಕ್ಕೆ ಹೈಪೊಥಿಕೇಶನ್ ಅನ್ನುತ್ತಾರೆ. ಫಾರ್ಮ್ 34 ಕೊಟ್ಟು ಆರ್‌ಟಿಓದಲ್ಲಿ ಇದನ್ನು ನಮೂದಿಸುತ್ತಾರೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕಾಣುವುದು ಇದಕ್ಕೇ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಓಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ತಂದು ಫಾರ್ಮ್ 35 ಕೊಟ್ಟು ಅದನ್ನು ತೆಗೆಸಬೇಕು. ಎಷ್ಟೋ ಜನ ಕೊನೇ ಕಂತು ಕಟ್ಟಿ ಸುಮ್ನೆ ಆಗಿಬಿಡುತ್ತಾರೆ, ಮಾರಲು ಹೋದಾಗ ಪರದಾಡುತ್ತಾರೆ.

ಎಷ್ಟು ಕಂತು ತಪ್ಪಿದ್ರೆ ಎತ್ಕೊಂಡು ಹೋಗ್ತಾರೆ? ಮೂರಾ?

‘ಮೂರು ಕಂತು’ ಅನ್ನುವುದು ಕಟ್ಟೆ ಮೇಲಿನ ಮಾತು. ಕಾನೂನಿನಲ್ಲಿ ಇಷ್ಟೇ ಅಂತ ಲೆಕ್ಕ ಇಲ್ಲ. ನಿಮ್ಮ ಒಪ್ಪಂದದಲ್ಲಿ ‘ಡೀಫಾಲ್ಟ್’ ಅಂದರೆ ಏನು ಅಂತ ಬರೆದಿರುತ್ತದೋ ಅದೇ ಲೆಕ್ಕ. ಕೆಲವು ಒಪ್ಪಂದಗಳಲ್ಲಿ ಒಂದೇ ಕಂತು ತಪ್ಪಿದರೂ ಡೀಫಾಲ್ಟ್.

ಮೂರು ತಿಂಗಳ ಮಾತು ಬಂದದ್ದು ಬೇರೆ ಕಡೆಯಿಂದ. ಬಾಕಿ 90 ದಿನ ದಾಟಿದರೆ ಬ್ಯಾಂಕು ಆ ಸಾಲವನ್ನು ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಅಂತ ಬರೆಯಬೇಕು. ಅದಕ್ಕೂ ಮುಂಚೆ 30, 60, 90 ದಿನಗಳ ಮೂರು ಮೆಟ್ಟಿಲಿವೆ. ಇದು ಬ್ಯಾಂಕಿನ ಲೆಕ್ಕಪತ್ರದ ನಿಯಮ. ಮನೆಯ ವಿಷಯದಲ್ಲಿ ಇದು ತುಂಬಾ ಮುಖ್ಯ. ಬೈಕ್, ಕಾರುಗಳಿಗೆ ಅಷ್ಟಿಲ್ಲ.

ನೋಟಿಸೇ ಕೊಡದೆ ಗಾಡಿ ಎತ್ತಬಹುದಾ?

ಮತ್ತೆ ಒಪ್ಪಂದವನ್ನೇ ನೋಡಬೇಕು. 2008ರಿಂದ ರಿಸರ್ವ್ ಬ್ಯಾಂಕ್ ಹೇಳುತ್ತಾ ಬಂದಿರುವುದು ಹೀಗೆ: ಗಾಡಿ ವಶಕ್ಕೆ ಪಡೆಯುವ ಷರತ್ತು ಒಪ್ಪಂದದಲ್ಲಿ ಇರಬೇಕಾದರೆ ಅದರಲ್ಲಿ ನೋಟಿಸ್ ಎಷ್ಟು ದಿನ, ಯಾವಾಗ ನೋಟಿಸ್ ಇಲ್ಲದೆ ಪಡೆಯಬಹುದು, ವಶಕ್ಕೆ ಪಡೆಯುವ ಕ್ರಮ ಏನು, ಮಾರುವ ಮುಂಚೆ ಕಟ್ಟಲು ಕೊನೇ ಅವಕಾಶ ಹೇಗೆ, ಗಾಡಿ ವಾಪಸ್ ಕೊಡುವ ಕ್ರಮ ಏನು, ಮಾರುವ ಕ್ರಮ ಏನು ಅನ್ನುವುದೆಲ್ಲ ಬರೆದಿರಬೇಕು.

2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಹೈರ್ ಪರ್ಚೇಸ್ (ಬಾಡಿಗೆ-ಖರೀದಿ) ಪ್ರಕರಣದಲ್ಲಿ ಹೇಳಿದ್ದೂ ಇದೇ ದಾರಿಯದ್ದು. ನೋಟಿಸ್ ಬೇಕೋ ಬೇಡವೋ ಅನ್ನುವುದು ಒಪ್ಪಂದದ ಮೇಲೆ ನಿಂತಿದೆ. ಬಲಪ್ರಯೋಗ ಇಲ್ಲದೆ ವಶಕ್ಕೆ ಪಡೆದರೆ ಅದು ತಪ್ಪಲ್ಲ. ಆದ್ದರಿಂದ ‘ನೋಟಿಸ್ ಬರಲೇ ಇಲ್ಲ’ ಅನ್ನುವ ಮುಂಚೆ ಎರಡು ನೋಡಿ. ಒಂದು, ಒಪ್ಪಂದದ ಆ ಷರತ್ತು. ಇನ್ನೊಂದು, ಸಾಲ ತಗೊಂಡಾಗ ಕೊಟ್ಟ ವಿಳಾಸ. ಮನೆ ಬದಲಿಸಿ ಬ್ಯಾಂಕಿಗೆ ತಿಳಿಸದವರ ನೋಟಿಸು ಹಳೇ ಬಾಡಿಗೆ ಮನೆ ಬಾಗಿಲಿಗೆ ಹೋಗಿರುತ್ತದೆ.

ರಸ್ತೆ ಮಧ್ಯೆ ಅಡ್ಡಹಾಕಿ ಕೀ ಕಿತ್ಕೊಂಡ್ರು. ಇದು ಸರಿನಾ?

ಖಂಡಿತ ಅಲ್ಲ. ವಶಕ್ಕೆ ಪಡೆಯುವ ಹಕ್ಕು ಇದೆ ಅಂದ ಮಾತ್ರಕ್ಕೆ ಕೈಮಾಡುವ ಹಕ್ಕು ಬರುವುದಿಲ್ಲ. ಗೂಂಡಾಗಳನ್ನು ಕಳಿಸಿ ವಸೂಲಿ ಮಾಡುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಕಟುವಾಗಿ ಖಂಡಿಸಿದೆ. 2011ರಲ್ಲಿ ಇನ್ನೊಂದು ತೀರ್ಪಿನಲ್ಲಿ, ಹೈಪೊಥಿಕೇಶನ್ ಇದ್ದರೂ ಬಲವಂತವಾಗಿ ಗಾಡಿ ಕಸಿಯುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು ಅಂದಿತು. 2023ರಲ್ಲಿ ಪಾಟ್ನಾ ಹೈಕೋರ್ಟ್, ಏಜೆಂಟರಿಂದ ಬಲವಂತವಾಗಿ ಗಾಡಿ ಎತ್ತಿಸಿದ ಸಂಸ್ಥೆಗಳಿಗೆ ತಲಾ 50,000 ರೂಪಾಯಿ ದಂಡ ಹಾಕಿತು.

ಆ ಹೊತ್ತಿನಲ್ಲಿ ಏನು ಮಾಡಬೇಕು? ಜಗಳ ಬೇಡ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕೀ ನಿಮ್ಮ ಕೈಯಲ್ಲೇ ಇರಲಿ, 112ಕ್ಕೆ ಫೋನ್ ಮಾಡಿ. ಸಾಧ್ಯವಾದರೆ ವಿಡಿಯೋ ಮಾಡಿ. ‘ಸ್ಟೇಷನ್‌ಗೆ ಹೋಗೋಣ ಬನ್ನಿ, ಅಲ್ಲೇ ಕೊಡ್ತೀನಿ’ ಅಂದರೆ ನಿಜವಾದ ಏಜೆಂಟ್ ಬರುತ್ತಾನೆ. ಕಳ್ಳ ಜಾರಿಕೊಳ್ಳುತ್ತಾನೆ.

ಒಂದು ಮಾತು ನೆನಪಿರಲಿ. ಮಾತುಕತೆಗೆ ಒಪ್ಪದಿದ್ದರೆ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ, ಮಧ್ಯಸ್ಥಿಕೆ ಕಾನೂನಿನ ಅಡಿ ರಿಸೀವರ್ (ಗಾಡಿ ವಶಕ್ಕೆ ಪಡೆಯಲು ಕೋರ್ಟ್ ನೇಮಿಸುವ ವ್ಯಕ್ತಿ) ನೇಮಿಸಿಕೊಂಡು ಬರಬಹುದು. ರಿಸೀವರ್ ಕೋರ್ಟ್ ಆದೇಶದ ಜೊತೆ ಬಂದಾಗ ತಡೆಯಲು ಹೋಗಬೇಡಿ. ಆದೇಶದ ಪ್ರತಿ ಕೇಳಿ ಪಡೆಯಿರಿ.

ಬಂದವರು ಅಸಲಿ ಏಜೆಂಟರು ಅಂತ ಹೇಗೆ ಗೊತ್ತಾಗುತ್ತೆ?

ಮೂರು ಕಾಗದ ಕೇಳಿ: ಗುರುತಿನ ಚೀಟಿ, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ, ನಿಮಗೆ ಕಳಿಸಿದ ನೋಟಿಸಿನ ಪ್ರತಿ. ಅಧಿಕಾರ ಪತ್ರದಲ್ಲಿ ನಿಮ್ಮ ಸಾಲದ ನಂಬರ್, ಗಾಡಿ ನಂಬರ್ ಇರಬೇಕು. ಅವರು ಕೊಡುವ ಫೋನ್ ನಂಬರಿಗೆ ಮಾಡಬೇಡಿ, ನಿಮ್ಮ ಸಾಲದ ಪುಸ್ತಕದಲ್ಲೋ ಆ್ಯಪ್‌ನಲ್ಲೋ ಇರುವ ನಂಬರಿಗೆ ಮಾಡಿ ಖಚಿತಪಡಿಸಿಕೊಳ್ಳಿ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಫೀಸಿನವರಿಗೆ, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದಕ್ಕೂ ಅವಕಾಶ ಇಲ್ಲ. ಏಜೆಂಟನ ಕೈಗೆ ನಗದು ಕೊಡಬೇಡಿ, ರಸೀದಿ ಕೊಟ್ಟರೂ.

ಗಾಡಿ ಕೊಡಲೇಬೇಕಾಗಿ ಬಂದಿದೆ. ಕೊಡುವಾಗ ಏನೇನು ನೋಡ್ಬೇಕು?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಗಾಡಿ ಕೊಡುವ ಆ ಅರ್ಧ ಗಂಟೆಯಲ್ಲಿ ಮಾಡಿಕೊಂಡ ಕಾಗದವೇ ಮುಂದೆ ನಿಮ್ಮನ್ನು ಕಾಯುವುದು.

ಗಾಡಿ ಪಡೆಯುವವರು ಒಂದು ಪಟ್ಟಿ ಬರೆಯುತ್ತಾರೆ, ಇನ್ವೆಂಟರಿ ಅಂತ. ಅವಸರದಲ್ಲಿ ಎಲ್ಲ ಕಡೆ ಟಿಕ್ ಹಾಕಿ ‘ಇಲ್ಲಿ ಸೈನ್ ಮಾಡಿ’ ಅನ್ನುತ್ತಾರೆ. ಮಾಡಬೇಡಿ. ಓಡೋಮೀಟರ್ ಎಷ್ಟು ಕಿಲೋಮೀಟರ್ ತೋರಿಸುತ್ತಿದೆ ಅಂತ ಪಟ್ಟಿಯಲ್ಲಿ ಬರೆಸಿ. ಬ್ಯಾಟರಿ ಯಾವ ಕಂಪನಿಯದ್ದು, ಅದರ ಮೇಲಿನ ನಂಬರ್ ಏನು ಬರೆಸಿ. ಟೈರ್ ಹೊಸದಾಗಿದ್ದರೆ ‘ಹೊಸದು’ ಅಂತಲೇ ಬರೆಸಿ. ಯಾರ್ಡಿನಿಂದ ಬಂದ ಗಾಡಿಯಲ್ಲಿ ಸವೆದ ಟೈರ್ ಸಿಕ್ಕರೆ ಆಗ ಏನೂ ಹೇಳೋಕೆ ಆಗಲ್ಲ. ಸ್ಟೆಪ್ನಿ, ಜ್ಯಾಕ್, ಮ್ಯೂಸಿಕ್ ಸಿಸ್ಟಮ್, ಲಾರಿಯಾದರೆ ಟಾರ್ಪಲ್, ಹಗ್ಗ ಎಲ್ಲ ಇರಲಿ. ಮುಂಚೆಯೇ ಇದ್ದ ಗೀರು, ತಗ್ಗುಗಳನ್ನೂ ಬರೆಸಿ. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ಮೀಟರಿನದ್ದೂ ಒಂದು.

ನಿಮ್ಮ ಸ್ವಂತ ಸಾಮಾನು ಹೊರಗೆ ತೆಗೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಚೆಕ್‌ಬುಕ್, ಹಿಂದಿನ ಸೀಟಿನ ಟೂಲ್ ಬ್ಯಾಗ್, ಡಿಕ್ಕಿಯಲ್ಲಿನ ಸರಕು ಇವು ಸಾಲಕ್ಕೆ ಬರೆದುಕೊಟ್ಟದ್ದಲ್ಲ. ಫಾಸ್ಟ್‌ಟ್ಯಾಗ್ ಬ್ಲಾಕ್ ಮಾಡಿಸಿ.

ಆಮೇಲೆ ದಿನಾಂಕ ಮತ್ತು ಸಮಯ. ‘ಇಂಥ ದಿನ, ಇಷ್ಟು ಗಂಟೆಗೆ ಗಾಡಿ ವಶಕ್ಕೆ ಪಡೆದಿದ್ದೇವೆ’ ಅಂತ ಬರೆದ, ಸಹಿ ಇರುವ ಪ್ರತಿ ನಿಮ್ಮ ಕೈಗೆ ಬರಬೇಕು. ಇದು ಸುಮ್ನೆ ಹೇಳುವ ಮಾತಲ್ಲ. ಆ ಕ್ಷಣದ ಮೇಲೆ ಆ ಗಾಡಿಯಿಂದ ಅಪಘಾತವಾದರೆ, ಚಲನ್ ಬಿದ್ದರೆ ಗಾಡಿ ಯಾರ ವಶದಲ್ಲಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಸಾರಿಗೆ ವಾಹನವನ್ನು ವಶಕ್ಕೆ ಪಡೆದ ಫೈನಾನ್ಸ್ ಸಂಸ್ಥೆಯೇ ಆ ದಿನದಿಂದ ರಸ್ತೆ ತೆರಿಗೆಗೂ ಹೊಣೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಖಾಲಿ ಕಾಗದಕ್ಕೆ, ಖಾಲಿ ಫಾರ್ಮಿಗೆ ಸಹಿ ಮಾಡಬೇಡಿ. ‘ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ’ ಅಂತ ಮುಂಚೆಯೇ ಅಚ್ಚಾದ ಕಾಗದ ಇದ್ದರೆ, ಅದು ನಿಜವಲ್ಲದಿದ್ದರೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ.

ಗಾಡಿ ಕಳವಾಗಿದೆ ಅಂತ ಸ್ಟೇಷನ್‌ಗೆ ದೂರು ಕೊಟ್ರೆ ಹೇಗೆ?

ನಿಜವಾಗಿ ಯಾರು ಒಯ್ದರು ಗೊತ್ತಿಲ್ಲ ಅಂದರೆ ದೂರು ಕೊಡಿ. ಫೈನಾನ್ಸ್‌ನವರೇ ಅಂತ ಗೊತ್ತಿದ್ದೂ ಕಳವು ಅಂದರೆ ಎಡವಟ್ಟು. ಗಾಡಿ ಎತ್ತುವ ಮುಂಚೆ, ಎತ್ತಿದ ಮೇಲೆ ಸ್ಟೇಷನ್‌ಗೆ ಪತ್ರ ಕೊಡುವ ಪದ್ಧತಿ ಇದೆ. ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಹೊಡೆದಿದ್ದರೆ, ಬೆದರಿಸಿದ್ದರೆ ಅದನ್ನೇ ದೂರಿನಲ್ಲಿ ಬರೆಯಿರಿ.

ಬೇರೆ ಊರಿನ ನೆಂಟರ ಮನೇಲಿ ನಿಲ್ಲಿಸಿದ್ರೆ ಸಿಗಲ್ಲ ಅಲ್ವಾ?

ಸಿಗುತ್ತದೆ. ಗಾಡಿ ನಂಬರಿನ ಪಟ್ಟಿ ಸೀಜಿಂಗ್‌ನವರ ಮೊಬೈಲಿನಲ್ಲಿ ಇರುತ್ತದೆ. ಅಷ್ಟರಲ್ಲಿ ಬಡ್ಡಿ, ದಂಡ ಓಡುತ್ತಲೇ ಇರುತ್ತದೆ, ಗಾಡಿಯ ಬೆಲೆ ಇಳಿಯುತ್ತಲೇ ಇರುತ್ತದೆ. ಬಚ್ಚಿಡುವ ಬದಲು ಬ್ಯಾಂಕಿಗೆ ಹೇಳಿ, ನೀವೇ ಗಿರಾಕಿ ಹುಡುಕಿ ಮಾರಿ ಸಾಲ ತೀರಿಸುವುದು ಎಷ್ಟೋ ಲಾಭ. ಆರ್‌ಸಿ ಕೊಡದೆ ಸತಾಯಿಸಿದರೂ ಉಪಯೋಗ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 51ನೇ ಕಲಂ ಪ್ರಕಾರ ಫೈನಾನ್ಸ್‌ನವರು ಫಾರ್ಮ್ 36 ಹಾಕಿ ತಮ್ಮ ಹೆಸರಿಗೆ ಹೊಸ ಆರ್‌ಸಿ ಪಡೆಯಬಹುದು.

ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ. ಹಳೇ ಮಾಲೀಕನ ಸಾಲಕ್ಕೆ ಈಗ ನನ್ನ ಗಾಡಿ ಎತ್ತಿದ್ದಾರೆ. ನನ್ನ ತಪ್ಪೇನು?

ಗಾಡಿ ಮೇಲಿನ ಹೊರೆ ಗಾಡಿಯ ಜೊತೆಯೇ ಹೋಗುತ್ತದೆ, ಮಾಲೀಕ ಬದಲಾದ ಅಂತ ಬಿಡುವುದಿಲ್ಲ. ದುಡ್ಡು ಕೊಡುವ ಮುಂಚೆ ಸರ್ಕಾರದ ‘ವಾಹನ್’ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಸಾಲ ಇದೆಯಾ ಅಂತ ನೋಡಬಹುದಿತ್ತು. ಈಗ ಉಳಿದಿರುವುದು ಎರಡೇ: ಬ್ಯಾಂಕಿನ ಜೊತೆ ಮಾತಾಡಿ ಬಾಕಿ ಕಟ್ಟಿ ಬಿಡಿಸಿಕೊಳ್ಳುವುದು, ಮಾರಿದವನ ಮೇಲೆ ಮೋಸದ ದೂರು ಕೊಡುವುದು.

## ಎತ್ತಿದ ಮೇಲೆ

ಯಾರ್ಡಿಗೆ ಹೋದ ಗಾಡಿ ವಾಪಸ್ ಸಿಗುತ್ತಾ?

ಮಾರಾಟವಾಗುವ ಮುಂಚೆ ಹೋದರೆ ಸಿಗುತ್ತದೆ. ಕೆಲವರು ಬಾಕಿ ಕಂತು, ದಂಡ, ಸೀಜಿಂಗ್ ಖರ್ಚು, ಯಾರ್ಡ್ ಬಾಡಿಗೆ ಕಟ್ಟಿಸಿಕೊಂಡು ಬಿಡುತ್ತಾರೆ. ಕೆಲವರು ‘ಪೂರ್ತಿ ಸಾಲ ತೀರಿಸು’ ಅನ್ನುತ್ತಾರೆ. ಯಾವುದಾದರೂ ಸರಿ, ಲೆಕ್ಕ ಬರವಣಿಗೆಯಲ್ಲಿ ಕೇಳಿ. ಯಾರ್ಡ್ ಬಾಡಿಗೆ ದಿನದ ಲೆಕ್ಕದಲ್ಲಿ ಏರುವುದರಿಂದ ಮೊದಲ ವಾರ ತುಂಬಾ ಬೆಲೆಯದ್ದು. ದಂಡದ ಸಾಲನ್ನು ಗಮನಿಸಿ. ದಂಡವನ್ನು ಬಡ್ಡಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಅಂತ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ.

ಗಾಡಿ ತಗೊಂಡು ಹೋಗಿ ಮಾರಿದ್ರು. ಆದ್ರೂ ದುಡ್ಡು ಕಟ್ಟು ಅಂತಿದ್ದಾರೆ. ಯಾವ ನ್ಯಾಯ ಇದು?

ಕೇಳಿದರೆ ಸಿಟ್ಟು ಬರುತ್ತದೆ, ಆದರೆ ಲೆಕ್ಕ ನೋಡಿ. ಉದಾಹರಣೆಗೆ ಸಾಲ ಬಾಕಿ 4,20,000 ರೂಪಾಯಿ. ಸೀಜಿಂಗ್, ಯಾರ್ಡ್, ಹರಾಜಿನ ಖರ್ಚು 20,000. ಒಟ್ಟು 4,40,000. ಗಾಡಿ ಹರಾಜಿನಲ್ಲಿ 3,10,000ಕ್ಕೆ ಹೋಯಿತು. ಉಳಿದ 1,30,000 ನಿಮ್ಮ ತಲೆ ಮೇಲೇ ಇರುತ್ತದೆ. ಗಾಡಿ ಭದ್ರತೆಯಷ್ಟೇ, ಸಾಲಕ್ಕೆ ಬದಲಿ ಅಲ್ಲ. ಅದೇ ಗಾಡಿ 4,80,000ಕ್ಕೆ ಹೋದರೆ ಮಿಕ್ಕ 40,000 ನಿಮ್ಮದು. ಬ್ಯಾಂಕಿನವರು ತಾವಾಗಿ ಫೋನ್ ಮಾಡಿ ‘ಬಂದು ತಗೊಳ್ಳಿ’ ಅನ್ನುತ್ತಾರೆ ಅಂತ ಕಾಯಬೇಡಿ, ಕೇಳಿ.

ನನ್ನ ಪ್ರಕಾರ ಜಗಳ ಆಡಬೇಕಾದ ಜಾಗ ಇದೇ. ಎತ್ತಿದ್ದು ಸರಿಯೋ ತಪ್ಪೋ ಅನ್ನುವುದಕ್ಕಿಂತ ಎಷ್ಟಕ್ಕೆ ಮಾರಿದರು ಅನ್ನುವುದನ್ನು ಹಿಡಿದು ಕೇಳಬೇಕು. ಹರಾಜಿನ ಮುಂಚೆ ನೋಟಿಸ್ ಬಂದಿತ್ತಾ? ಬೆಲೆ ಕಟ್ಟಿದ್ದು ಯಾರು? ಎಷ್ಟು ಜನ ಕೂಗಿದರು? ಖರ್ಚಿನ ಬಿಲ್ ಎಲ್ಲಿ? ಇವಕ್ಕೆ ಉತ್ತರ ಇಲ್ಲದೆ ಅಗ್ಗಕ್ಕೆ ಮಾರಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ವಿಮೆ ಪಾಲಿಸಿಯಲ್ಲಿರುವ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆ) ಮೊತ್ತ, ಅದೇ ವರ್ಷದ ಅಂಥದ್ದೇ ಗಾಡಿಗಳ ಮಾರುಕಟ್ಟೆ ಬೆಲೆ ತೋರಿಸಿದರೆ ವಾದಕ್ಕೆ ಬಲ ಬರುತ್ತದೆ.

ನಾನೇ ಹೋಗಿ ಗಾಡಿ ಒಪ್ಪಿಸಿದ್ರೆ ಸಾಲ ಮನ್ನಾ ಆಗುತ್ತಾ?

ಇಲ್ಲ. ಸೀಜಿಂಗ್ ಖರ್ಚು ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ಬಾಕಿ ಉಳಿದೇ ಇರುತ್ತದೆ. ‘ಗಾಡಿ ಕೊಟ್ಟ ಮೇಲೆ ಏನೂ ಬಾಕಿ ಇಲ್ಲ’ ಅಂತ ಬ್ಯಾಂಕ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಮಾತ್ರ ನಂಬಿ.

ಜಾಮೀನು ಹಾಕಿದ್ದು ನಾನು. ಗಾಡಿ ಎತ್ತಿದ ಮೇಲೆ ನನ್ನನ್ನು ಬಿಡ್ತಾರಲ್ವಾ?

ಬಿಡುವುದಿಲ್ಲ. ಭಾರತೀಯ ಕರಾರು ಕಾಯ್ದೆ 1872ರ 128ನೇ ಕಲಂ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ, ಒಪ್ಪಂದದಲ್ಲಿ ಬೇರೆ ಬರೆದಿಲ್ಲದಿದ್ದರೆ. ಮೊದಲು ಅವನನ್ನು ಕೇಳಿ ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ವಾದ ಸಾಮಾನ್ಯವಾಗಿ ನಿಲ್ಲಲ್ಲ. ನೀವು ಕಟ್ಟಿದರೆ ಆ ದುಡ್ಡನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ, ರಸೀದಿ ನಿಮ್ಮ ಹೆಸರಲ್ಲೇ ಇರಲಿ.

ದೂರು ಎಲ್ಲಿ ಕೊಡೋದು?

ಮೊದಲು ಸಾಲ ಕೊಟ್ಟ ಸಂಸ್ಥೆಗೇ ಬರವಣಿಗೆಯಲ್ಲಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ ಸಹಾಯವಾಣಿ 14448. ಹಲ್ಲೆ, ಬೆದರಿಕೆ ಇದ್ದರೆ ಕಾಯಬೇಡಿ, ಅದು ಪೊಲೀಸರ ಕೆಲಸ.

## ಮನೆ, ಹೊಲ, ಚಿನ್ನ

ಮನೆ ಸಾಲದ ಕಂತು ತಪ್ಪಿದೆ. ನಾಳೆನೇ ಬಂದು ಬೀಗ ಹಾಕ್ತಾರಾ?

ನಾಳೆ ಬರಲ್ಲ. ಮನೆಯ ವಿಷಯದಲ್ಲಿ ಬ್ಯಾಂಕುಗಳು ಬಳಸುವುದು 2002ರ ಸರ್ಫೇಸಿ ಕಾಯ್ದೆ. ಕೋರ್ಟಿನಲ್ಲಿ ದಾವೆ ಹೂಡದೆಯೇ ಸ್ವಾಧೀನಕ್ಕೆ ಪಡೆಯುವ ಅಧಿಕಾರ ಅದರಲ್ಲಿದೆ, ಆದರೆ ಮೆಟ್ಟಿಲು ಹಾರುವಂತಿಲ್ಲ. ಸಾಲ ಮೊದಲು ಎನ್‌ಪಿಎ ಆಗಬೇಕು, ಅಂದರೆ ಬಾಕಿ 90 ದಿನ ದಾಟಬೇಕು. ಆಮೇಲೆ ಕಾಯ್ದೆಯ ಕಲಂ 13(2)ರ ನೋಟಿಸ್, ಬಾಕಿ ಕಟ್ಟಲು ಅದರಲ್ಲಿ 60 ದಿನ ಗಡುವು. ಆಮೇಲೆ ಕಲಂ 13(4)ರ ಸ್ವಾಧೀನ. ಆಮೇಲೆ ಮಾರಾಟಕ್ಕೆ ಮತ್ತೆ 30 ದಿನದ ನೋಟಿಸ್. ಮೊದಲ ಕಂತು ತಪ್ಪಿದ ದಿನದಿಂದ ಸ್ವಾಧೀನಕ್ಕೇ ಕನಿಷ್ಠ ಐದು ತಿಂಗಳು. ಈ ಐದು ತಿಂಗಳನ್ನು ಜನ ಹೆದರಿಕೊಂಡು ಫೋನ್ ಎತ್ತದೆ ಕಳೆಯುತ್ತಾರೆ. ಮಾತಾಡಿದರೆ ಕೆಲಸ ಆಗುವ ಕಾಲ ಅದು.

1 ಲಕ್ಷ ಮೀರದ ಸಾಲಕ್ಕೆ, ಹಾಗೇ ಅಸಲು ಬಡ್ಡಿ ಸೇರಿದ ಮೊತ್ತದಲ್ಲಿ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದಾಗ ಈ ಕಾಯ್ದೆ ಬಳಸುವಂತಿಲ್ಲ.

13(2) ನೋಟಿಸಿಗೆ ಉತ್ತರ ಬರೆದ್ರೆ ಏನಾದ್ರೂ ಪ್ರಯೋಜನ ಇದೆಯಾ?

ಇದೆ. ನೀವು ಆಕ್ಷೇಪಣೆ ಬರೆದರೆ ಬ್ಯಾಂಕ್ ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. ಕಟ್ಟಿದ ಕಂತು ಲೆಕ್ಕಕ್ಕೆ ಬಂದಿಲ್ಲ, ಬಡ್ಡಿ ದರ ತಪ್ಪಿದೆ ಅನ್ನುವಂಥ ಖಚಿತ ವಿಷಯ ಬರೆಯಿರಿ. ‘ಕಷ್ಟದಲ್ಲಿದ್ದೇನೆ, ದಯವಿಟ್ಟು’ ಅನ್ನುವುದು ಮನವಿಯಾಗುತ್ತದೆ, ಆಕ್ಷೇಪಣೆ ಆಗುವುದಿಲ್ಲ. ಅದನ್ನು ಬೇರೆ ಪತ್ರದಲ್ಲಿ ಬರೆಯಿರಿ.

ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ, ಪೇಪರಿನಲ್ಲೂ ಬಂದಿದೆ. ಆದ್ರೆ ನಾವಿನ್ನೂ ಒಳಗೇ ಇದ್ದೀವಿ. ಇದ್ಯಾವ ಸ್ವಾಧೀನ?

ಇದು ಸಾಂಕೇತಿಕ ಸ್ವಾಧೀನ. ಕಾಗದದ ಮೇಲೆ ಮನೆ ಬ್ಯಾಂಕಿನ ವಶ, ವಾಸ ನಿಮ್ಮದು. ನಿಯಮದ ಪ್ರಕಾರ ನೋಟಿಸನ್ನು ಹೊರಬಾಗಿಲಿಗೆ ಅಂಟಿಸಬೇಕು, ಏಳು ದಿನದೊಳಗೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಹಾಕಿಸಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ಸಣ್ಣಕ್ಷರದ ಚೌಕಗಳು ಬರುತ್ತವಲ್ಲ, ಸಾಲಗಾರನ ಹೆಸರು, ಬಾಕಿ ಮೊತ್ತ, ಚೆಕ್ಕುಬಂದಿ ಸಮೇತ, ಅವು ಇವೇ. ಚೆಕ್ಕುಬಂದಿ ಸರಿಯಾಗಿದೆಯಾ ಅಂತ ನಿಮ್ಮ ಕ್ರಯಪತ್ರದ ಜೊತೆ ಹೋಲಿಸಿ ನೋಡಿ.

ಮನೆ ಖಾಲಿ ಮಾಡಿಸುವುದು ಮುಂದಿನ ಮೆಟ್ಟಿಲು. ಅದಕ್ಕೆ ಸಾಮಾನ್ಯವಾಗಿ ಬ್ಯಾಂಕ್ 14ನೇ ಕಲಂ ಅಡಿ ಜಿಲ್ಲಾಧಿಕಾರಿ ಅಥವಾ ಬೆಂಗಳೂರಿನಂಥ ನಗರದಲ್ಲಿ ಚೀಫ್ ಮ್ಯಾಜಿಸ್ಟ್ರೇಟ್ ಹತ್ತಿರ ಆದೇಶ ಪಡೆದು, ಅವರು ನೇಮಿಸಿದ ಅಧಿಕಾರಿ ಇಲ್ಲವೇ ವಕೀಲ ಕಮಿಷನರ್ ಮತ್ತು ಪೊಲೀಸರ ಜೊತೆ ಬರುತ್ತದೆ.

ಬ್ಯಾಂಕ್ ತಪ್ಪು ಮಾಡಿದೆ ಅನ್ಸುತ್ತೆ. ಸಿವಿಲ್ ಕೋರ್ಟಿನಲ್ಲಿ ಸ್ಟೇ ತರಲಾ?

ಸರ್ಫೇಸಿ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ, 34ನೇ ಕಲಂ ತಡೆಯುತ್ತದೆ. ಹೋಗಬೇಕಾದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಬ್ಯಾಂಕ್ ಕ್ರಮ ಕೈಗೊಂಡ 45 ದಿನದೊಳಗೆ ಅರ್ಜಿ ಹಾಕಬೇಕು. ಅಲ್ಲಿ ಸೋತರೆ 30 ದಿನದೊಳಗೆ ಚೆನ್ನೈನ ಮೇಲ್ಮನವಿ ಮಂಡಳಿಗೆ. ಆದರೆ ಸಾಲಗಾರ ಅಲ್ಲಿ ಬಾಕಿಯ ಅರ್ಧ ಠೇವಣಿ ಇಡಬೇಕು. ಮಂಡಳಿ ಮನಸ್ಸು ಮಾಡಿದರೆ ಕಾಲು ಭಾಗಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ಹಾಗಾಗಿ ಡಿಆರ್‌ಟಿಯಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಬಾಡಿಗೆದಾರರೂ ನೋಂದಾಯಿತ ಕರಾರು ಇದ್ದರೆ ಇಲ್ಲಿಗೇ ಹೋಗಬಹುದು.

ಹರಾಜಿನ ಹಿಂದಿನ ದಿನ ದುಡ್ಡು ತಂದು ಕಟ್ಟಿದ್ರೆ ಮನೆ ಉಳಿಯುತ್ತಾ?

ಮುಂಚೆ ಉಳಿಯುತ್ತಿತ್ತು. 2016ರ ತಿದ್ದುಪಡಿಯ ನಂತರ ಹರಾಜಿನ ನೋಟಿಸ್ ಪ್ರಕಟವಾಗುವ ಮುಂಚೆ ಪೂರ್ತಿ ಕಟ್ಟಬೇಕು. ಪ್ರಕಟವಾದ ಮೇಲೆ ಬಿಡಿಸಿಕೊಳ್ಳುವ ಹಕ್ಕು ಇರುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಕಡ್ಡಿ ಮುರಿದಂತೆ ಹೇಳಿತು. ಹಳೇ ಅನುಭವದ ಮೇಲೆ ‘ಹರಾಜಿನ ದಿನದವರೆಗೂ ಟೈಮ್ ಇದೆ’ ಅನ್ನುವವರ ಮಾತು ಕೇಳಬೇಡಿ.

ಒಂದೇ ಸಲ ಕಡಿಮೆ ಕಟ್ಟಿ ತೀರಿಸೋಕೆ ಓಟಿಎಸ್ ಕೇಳಬಹುದಲ್ವಾ? ಕೊಡಲೇಬೇಕಾ?

ಕೇಳಬಹುದು. ಕೊಡಲೇಬೇಕು ಅಂತಿಲ್ಲ, ಅದು ಸಾಲಗಾರನ ಹಕ್ಕಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಟ್ಟರೆ ಗಡುವು ಒಂದು ದಿನವೂ ತಪ್ಪಬೇಡಿ. ಸಿಬಿಲ್‌ನಲ್ಲಿ (ನಿಮ್ಮ ಸಾಲದ ಇತಿಹಾಸದ ದಾಖಲೆ) ‘ಸೆಟಲ್ಡ್’ ಅಂತ ಬರುತ್ತದೆ, ‘ಕ್ಲೋಸ್ಡ್’ ಅಂತ ಅಲ್ಲ. ಮುಂದಿನ ಸಾಲದ ಹೊತ್ತಿಗೆ ಅದು ಅಡ್ಡ ಬರುತ್ತದೆ.

ಹೊಲದ ಮೇಲೆ ಸಾಲ ಇದೆ. ಅದನ್ನೂ ಸರ್ಫೇಸಿಯಲ್ಲಿ ತಗೋತಾರಾ?

ಕೃಷಿ ಜಮೀನಿಗೆ ಸರ್ಫೇಸಿ ಅನ್ವಯಿಸುವುದಿಲ್ಲ, 31ನೇ ಕಲಂನಲ್ಲಿ ಸ್ಪಷ್ಟವಾಗಿದೆ. ಆದರೆ ಪಹಣಿಯಲ್ಲಿ ಕೃಷಿ ಅಂತ ಇದ್ದರೆ ಸಾಲದು, ನಿಜವಾಗಿ ಉಳುಮೆ ನಡೆಯುತ್ತಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಪಹಣಿಯಲ್ಲಿ ಹೊಲ, ನೆಲದ ಮೇಲೆ ಗೋದಾಮು ಅಂದರೆ ನಡೆಯಲ್ಲ. ಇದರರ್ಥ ಸಾಲ ವಸೂಲಿಯೇ ಆಗಲ್ಲ ಅಂತ ಅಲ್ಲ, ಬೇರೆ ಕಾನೂನಿನ ದಾರಿ ಹಿಡಿಯಬೇಕಾಗುತ್ತದೆ ಅಷ್ಟೇ. ಟ್ರ್ಯಾಕ್ಟರ್ ಸಾಲಕ್ಕೆ ಈ ರಕ್ಷಣೆ ಇಲ್ಲ, ಅದು ಜಮೀನಲ್ಲ, ವಾಹನ.

ಚಿನ್ನ ಅಡವಿಟ್ಟಿದ್ದೆ, ಹರಾಜು ಹಾಕಿದ್ರು. ಇದೂ ರೀಪೊಸೆಶನ್ನಾ?

ಅಲ್ಲ, ಚಿನ್ನ ಮೊದಲಿಂದಲೂ ಅವರ ಕೈಯಲ್ಲೇ ಇತ್ತು. ಇದು ಗಿರವಿ. ಕರಾರು ಕಾಯ್ದೆಯ 176ನೇ ಕಲಂ ಪ್ರಕಾರ ಮಾರುವ ಮುಂಚೆ ತಕ್ಕ ಸಮಯದ ನೋಟಿಸ್ ಕೊಡಬೇಕು, ಮಿಕ್ಕಿದ ದುಡ್ಡು ನಿಮಗೆ ಕೊಡಬೇಕು. ನಿಜವಾಗಿ ಮಾರಾಟವಾಗುವ ಕ್ಷಣದ ತನಕ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು 177ನೇ ಕಲಂನಲ್ಲಿದೆ. ಈ ವಿಷಯದಲ್ಲಿ ಮನೆಗಿಂತ ಚಿನ್ನಕ್ಕೇ ಜಾಸ್ತಿ ಕಾಲಾವಕಾಶ.

ಬ್ಯಾಂಕ್ ಹರಾಜಿನಲ್ಲಿ ಮನೆ ಅಗ್ಗಕ್ಕೆ ಸಿಗುತ್ತಂತೆ. ತಗೋಬಹುದಾ?

ತಗೋಬಹುದು, ಕಣ್ಣು ಬಿಟ್ಟುಕೊಂಡು. ಬ್ಯಾಂಕ್ ಮಾರುವುದು ‘ಹೇಗಿದೆಯೋ ಹಾಗೆ, ಎಲ್ಲಿದೆಯೋ ಅಲ್ಲಿ’ ಅನ್ನುವ ಷರತ್ತಿನ ಮೇಲೆ. ಆಸ್ತಿ ತೆರಿಗೆ ಬಾಕಿ, ಕರೆಂಟ್ ಬಿಲ್ ಬಾಕಿ ನಿಮ್ಮ ತಲೆಗೇ ಬರಬಹುದು. ನೋಟಿಸಿನಲ್ಲಿ ಸ್ವಾಧೀನ ಸಾಂಕೇತಿಕವೋ ಭೌತಿಕವೋ ನೋಡಿ. ಸಾಂಕೇತಿಕ ಅಂದರೆ ಒಳಗೆ ಇನ್ನೂ ಜನ ಇದ್ದಾರೆ. ಡಿಆರ್‌ಟಿಯಲ್ಲಿ ಕೇಸ್ ಇದೆಯಾ ವಿಚಾರಿಸಿ, ಋಣಭಾರ ಪತ್ರ ತೆಗೆಸಿ, ಮನೆ ಹತ್ತಿರ ಒಮ್ಮೆ ಹೋಗಿ ಅಕ್ಕಪಕ್ಕದವರನ್ನು ಮಾತಾಡಿಸಿ. ದುಡ್ಡಿನ ಗಡುವೂ ಬಿಗಿ: ಗೆದ್ದ ದಿನ ಅಥವಾ ಮರುದಿನವೇ ಶೇ. 25 ಕಟ್ಟಬೇಕು, ಉಳಿದದ್ದನ್ನು ಮಾರಾಟ ಖಚಿತವಾದ 15 ದಿನದೊಳಗೆ. ಕಟ್ಟದಿದ್ದರೆ ಕೊಟ್ಟ ದುಡ್ಡು ಮುಟ್ಟುಗೋಲು. ನಿಮಗೆ ಸಾಲ ಕೊಡುವ ಬ್ಯಾಂಕ್ 15 ದಿನದಲ್ಲಿ ಹಣ ಬಿಡುಗಡೆ ಮಾಡುತ್ತದಾ ಅಂತ ಕೂಗುವ ಮುಂಚೆಯೇ ಕೇಳಿಕೊಳ್ಳಿ.